ಪರದೆಯ ಓದು ಮತ್ತು ಕಾಗದದ ಓದು: ಪದೇ ಪದೇ ಕೇಳುವ ಪ್ರಶ್ನೆಗಳು

ಪರದೆಯಲ್ಲಿ ಓದುವುದಕ್ಕೂ ಕಾಗದದಲ್ಲಿ ಓದುವುದಕ್ಕೂ ಇರುವ ವ್ಯತ್ಯಾಸದ ಬಗ್ಗೆ ವಿದ್ಯಾರ್ಥಿಗಳು, ಪೋಷಕರು ಮತ್ತು ಶಿಕ್ಷಕರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಸಂಶೋಧನೆಯಿಂದ ತಿಳಿದುಬಂದಿರುವುದನ್ನು ಆಯಾ ಅಧ್ಯಯನದ ವರ್ಷದೊಂದಿಗೆ ಹೇಳಿದ್ದೇನೆ. ನನ್ನ ಅಭಿಪ್ರಾಯ ಬರುವಲ್ಲಿ ಅದನ್ನು ಅಭಿಪ್ರಾಯವೆಂದೇ ಸೂಚಿಸಿದ್ದೇನೆ.

ಇಲ್ಲಿ ಯಾವುದನ್ನು ಯಾವುದರೊಂದಿಗೆ ಹೋಲಿಸಲಾಗುತ್ತಿದೆ?

‘ಪರದೆ’ ಎಂಬ ಒಂದೇ ಪದದಡಿ ಬಹಳ ಭಿನ್ನವಾದ ಸಾಧನಗಳನ್ನು ನಾವು ಸೇರಿಸಿಬಿಡುತ್ತೇವೆ. ಅಂಗೈಯಗಲದ ಮೊಬೈಲ್, ಮೇಜಿನ ಮೇಲಿನ ಮಾನಿಟರ್, ಟ್ಯಾಬ್ಲೆಟ್, ಓದುವುದಕ್ಕೆಂದೇ ಮಾಡಿದ ಇ-ರೀಡರ್ ಇವೆಲ್ಲವೂ ಪರದೆಗಳೇ. ಆದರೆ ಒಂದರಲ್ಲಿ ಸಂದೇಶಗಳು ಬಂದು ಬೀಳುತ್ತಿರುತ್ತವೆ, ಇನ್ನೊಂದರಲ್ಲಿ ಪುಸ್ತಕವಲ್ಲದೆ ಬೇರೇನೂ ಇರುವುದಿಲ್ಲ. ಒಂದು ಕಣ್ಣಿಗೆ ನೇರವಾಗಿ ಬೆಳಕು ಚೆಲ್ಲುತ್ತದೆ, ಇನ್ನೊಂದು ಕಾಗದದಂತೆಯೇ ಸುತ್ತಲಿನ ಬೆಳಕನ್ನು ಪ್ರತಿಫಲಿಸುತ್ತದೆ. ಆದ್ದರಿಂದ ಯಾವುದೇ ಹೋಲಿಕೆಯಲ್ಲಿ ಮೂರು ಸಂಗತಿಗಳನ್ನು ಬೇರೆ ಬೇರೆಯಾಗಿ ನೋಡಬೇಕಾಗುತ್ತದೆ: ಅಕ್ಷರ ಮೂಡುವ ಮೇಲ್ಮೈ ಎಂತಹದು, ಪಠ್ಯವು ಪುಟಗಳಾಗಿದೆಯೋ ಅಥವಾ ಉದ್ದಕ್ಕೆ ಸರಿಯುವ ಸುರುಳಿಯಾಗಿದೆಯೋ, ಮತ್ತು ಆ ಸಾಧನವನ್ನು ಕೈಗೆತ್ತಿಕೊಂಡಾಗ ಓದುಗರ ಮನಸ್ಸು ಯಾವ ಅಭ್ಯಾಸಕ್ಕೆ ಹೊರಳುತ್ತದೆ. ನನ್ನ ಮಟ್ಟಿಗೆ ಈ ಮೂರನೆಯದೇ ಎಲ್ಲಕ್ಕಿಂತ ಮುಖ್ಯ. ಅದರ ಬಗ್ಗೆ ನಡೆಯಬೇಕಾದಷ್ಟು ಚರ್ಚೆ ನಡೆದಿಲ್ಲ ಎಂಬ ಕೊರಗೂ ನನಗಿದೆ.

ಕಾಗದದಲ್ಲಿ ಓದಿದರೆ ಹೆಚ್ಚು ಅರ್ಥವಾಗುತ್ತದೆ ಎಂಬುದು ನಿಜವೇ?

ಒಟ್ಟಾರೆಯಾಗಿ ನೋಡಿದರೆ ನಿಜ, ಆದರೆ ಅಂತರ ಚಿಕ್ಕದು ಮತ್ತು ಅದು ಎಲ್ಲ ಬಗೆಯ ಓದಿಗೂ ಅನ್ವಯಿಸುವುದಿಲ್ಲ. ಪಾಬ್ಲೊ ಡೆಲ್ಗಾಡೊ, ಲಾಡಿಸ್ಲಾವೊ ಸಾಲ್ಮೆರಾನ್ ಮತ್ತು ಅವರ ಸಹೋದ್ಯೋಗಿಗಳು 2018ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯು 2000ದಿಂದ 2017ರವರೆಗಿನ 54 ಅಧ್ಯಯನಗಳನ್ನು ಒಟ್ಟುಗೂಡಿಸಿತ್ತು. ಅವುಗಳಲ್ಲಿ ಭಾಗವಹಿಸಿದ್ದವರ ಸಂಖ್ಯೆ 1,70,000ಕ್ಕೂ ಹೆಚ್ಚು. ಅದರ ಪ್ರಕಾರ ಅರ್ಥಗ್ರಹಣದಲ್ಲಿ ಕಾಗದಕ್ಕೆ ಮೇಲುಗೈ ಇತ್ತು, ಅಂತರದ ಪ್ರಮಾಣ 0.21, ಅಂದರೆ ಓದುಗರ ಅಂಕಗಳಲ್ಲಿ ಸಾಮಾನ್ಯವಾಗಿ ಇರುವ ಏರಿಳಿತದ ಸುಮಾರು ಐದನೇ ಒಂದು ಪಾಲು. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಇದು ದೊಡ್ಡ ಅಂತರವಲ್ಲ, ಕಡೆಗಣಿಸುವಷ್ಟು ಸಣ್ಣದೂ ಅಲ್ಲ. ಮಾಹಿತಿಪ್ರಧಾನ ಬರಹಗಳನ್ನು ಓದಿದಾಗ ಮತ್ತು ಓದಲು ಕಾಲಮಿತಿ ಇದ್ದಾಗ ಈ ಅಂತರ ಸ್ಪಷ್ಟವಾಗಿ ಕಂಡಿತು. ಕೇವಲ ಕಥನವನ್ನು ಓದಿಸಿದ ಅಧ್ಯಯನಗಳಲ್ಲಿ ಕಾಣಲಿಲ್ಲ.

2019ರಲ್ಲಿ ವರ್ಜೀನಿಯಾ ಕ್ಲಿಂಟನ್ ಅವರು 33 ಅಧ್ಯಯನಗಳನ್ನು ಪರಿಶೀಲಿಸಿ ಪ್ರಕಟಿಸಿದ ಫಲಿತಾಂಶವೂ ಬಹುಮಟ್ಟಿಗೆ ಇದನ್ನೇ ಹೇಳಿತು. ಇದಕ್ಕೂ ಮೊದಲು, 2013ರಲ್ಲಿ, ನಾರ್ವೆಯ ಸ್ಟಾವಂಗರ್ ವಿಶ್ವವಿದ್ಯಾಲಯದ ಅನ್ನೆ ಮಾಂಗೆನ್ ಮತ್ತು ಸಂಗಡಿಗರು ಹತ್ತನೆಯ ತರಗತಿಯ 72 ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಅದೇ ಪಠ್ಯವನ್ನು ಕಂಪ್ಯೂಟರಿನಲ್ಲಿ ಪಿಡಿಎಫ್ ಆಗಿ ಓದಿದವರಿಗಿಂತ ಕಾಗದದಲ್ಲಿ ಓದಿದವರು ಹೆಚ್ಚು ಅಂಕ ಪಡೆದಿದ್ದರು.

ಇವೆಲ್ಲವೂ ಸರಾಸರಿಯ ಮಾತುಗಳು ಎಂಬುದನ್ನು ಮರೆಯಬಾರದು. ಪರದೆಯಲ್ಲಿ ಆಳವಾಗಿ ಓದುವವರೂ ಇದ್ದಾರೆ, ಕಾಗದವನ್ನು ಕೈಯಲ್ಲಿ ಹಿಡಿದು ಒಂದು ಪುಟವನ್ನೂ ಗ್ರಹಿಸದವರೂ ಇದ್ದಾರೆ.

ಅಕ್ಷರಗಳು ಅವೇ ಆಗಿರುವಾಗ ಈ ಅಂತರ ಎಲ್ಲಿಂದ ಬರುತ್ತದೆ?

ಈ ಪ್ರಶ್ನೆಗೆ ಸಿಕ್ಕಿರುವ ಉತ್ತರಗಳಲ್ಲಿ ನನಗೆ ಹೆಚ್ಚು ಒಪ್ಪಿಗೆಯಾಗಿರುವುದು ಇಸ್ರೇಲಿನ ಸಂಶೋಧಕರಾದ ರಾಕೆಫೆಟ್ ಅಕರ್‌ಮನ್ ಮತ್ತು ಮೋರಿಸ್ ಗೋಲ್ಡ್‌ಸ್ಮಿತ್ ಅವರು 2011ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ಹೊರಟಿದ್ದು. ಎಲ್ಲರೂ ಗೊತ್ತುಪಡಿಸಿದ ಒಂದೇ ಅವಧಿಯವರೆಗೆ ಓದಬೇಕೆಂದು ಹೇಳಿದಾಗ ಪರದೆಯವರಿಗೂ ಕಾಗದದವರಿಗೂ ಫಲಿತಾಂಶದಲ್ಲಿ ಅಂತರ ಕಾಣಲಿಲ್ಲ. ಎಷ್ಟು ಹೊತ್ತು ಓದಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನು ಓದುಗರಿಗೇ ಬಿಟ್ಟಾಗ ಮಾತ್ರ ಪರದೆಯವರು ಹಿಂದೆ ಬಿದ್ದರು. ತಮಗೆ ಎಷ್ಟು ಅರ್ಥವಾಗಿದೆ ಎಂದು ಅವರು ಅಂದಾಜಿಸಿದ್ದಕ್ಕೂ ಪರೀಕ್ಷೆಯಲ್ಲಿ ಪಡೆದದ್ದಕ್ಕೂ ಇದ್ದ ದೂರ ಕಾಗದದವರಿಗಿಂತ ಹೆಚ್ಚಾಗಿತ್ತು. ಅಂದರೆ ತೊಂದರೆ ಇರುವುದು ಕಣ್ಣಿನಲ್ಲೂ ಅಲ್ಲ, ಅಕ್ಷರದಲ್ಲೂ ಅಲ್ಲ. ‘ಇಷ್ಟು ಸಾಕು, ಅರ್ಥವಾಯಿತು’ ಎಂಬ ತೀರ್ಮಾನ ಪರದೆಯ ಮುಂದೆ ಬೇಗ ಬಂದುಬಿಡುತ್ತದೆ.

2017ರಲ್ಲಿ ಲಾರೆನ್ ಸಿಂಗರ್ ಮತ್ತು ಪೆಟ್ರೀಷಿಯಾ ಅಲೆಕ್ಸಾಂಡರ್ ಅವರು 90 ಪದವಿ ವಿದ್ಯಾರ್ಥಿಗಳೊಂದಿಗೆ ನಡೆಸಿದ ಅಧ್ಯಯನವೂ ಇದೇ ದಿಕ್ಕಿನಲ್ಲಿದೆ. ಬರಹದ ಮುಖ್ಯ ವಿಚಾರ ಏನೆಂದು ಕೇಳಿದಾಗ ಎರಡೂ ಮಾಧ್ಯಮಗಳ ಓದುಗರು ಸಮನಾಗಿ ಉತ್ತರಿಸಿದರು, ಆದರೆ ಮುಖ್ಯ ವಿಚಾರಕ್ಕೆ ಆಧಾರವಾಗಿದ್ದ ಅಂಶಗಳನ್ನೂ ವಿವರಗಳನ್ನೂ ಕಾಗದದಲ್ಲಿ ಓದಿದವರು ಹೆಚ್ಚಾಗಿ ನೆನಪಿಟ್ಟುಕೊಂಡಿದ್ದರು. ಹಾಗಿದ್ದೂ ಬಹುತೇಕ ವಿದ್ಯಾರ್ಥಿಗಳು ತಾವು ಪರದೆಯಲ್ಲೇ ಚೆನ್ನಾಗಿ ಓದಿದ್ದೇವೆಂದು ನಂಬಿದ್ದರು. ಸಾರಾಂಶ ಕೈಗೆ ಸಿಕ್ಕಿರುವುದರಿಂದ ಪೂರ್ತಿ ಸಿಕ್ಕಿದೆ ಎಂಬ ಭಾವನೆ ಹುಟ್ಟುತ್ತದೆ, ಆ ಭಾವನೆಯೇ ಎರಡನೆಯ ಓದನ್ನು ತಡೆಯುತ್ತದೆ.

ಇಲ್ಲಿ ಒಂದು ತೊಡಕನ್ನು ಮುಚ್ಚಿಡಬಾರದು. 2011ರ ಪ್ರಯೋಗದಲ್ಲಿ ಅವಧಿ ನಿಗದಿಯಾಗಿದ್ದಾಗ ಅಂತರ ಮಾಯವಾಯಿತು, ಆದರೆ 2018ರ ವಿಶ್ಲೇಷಣೆಯಲ್ಲಿ ಕಾಲಮಿತಿ ಇದ್ದಾಗಲೇ ಅಂತರ ಹೆಚ್ಚಿತು. ಎರಡನ್ನೂ ಒಂದೇ ಸೂತ್ರಕ್ಕೆ ತರುವುದು ಸುಲಭವಲ್ಲ. ಅವಧಿ ಸಾಕಷ್ಟಿದ್ದು ಆ ಅವಧಿ ಪೂರ್ತಿ ಓದಲೇಬೇಕಾಗಿ ಬಂದಾಗ ಅದು ಓದುಗರನ್ನು ಪಠ್ಯದಲ್ಲಿ ಹಿಡಿದಿಡುತ್ತದೆ, ಅವಧಿ ಬಿಗಿಯಾಗಿದ್ದಾಗ ಅದೇ ಮಿತಿ ಕಣ್ಣಾಡಿಸುವ ಅಭ್ಯಾಸವನ್ನು ಬಡಿದೆಬ್ಬಿಸುತ್ತದೆ ಎಂದು ನಾನು ಅರ್ಥಮಾಡಿಕೊಂಡಿದ್ದೇನೆ. ಪರದೆಯ ಮೇಲೆ ನಾವು ದಿನವಿಡೀ ಮಾಡುವ ಕೆಲಸ ಯಾವುದೆಂದು ಗಮನಿಸಿದರೆ ಈ ಅಭ್ಯಾಸದ ಮೂಲ ತಿಳಿಯುತ್ತದೆ: ಸಂದೇಶ ನೋಡುವುದು, ಶೀರ್ಷಿಕೆ ಓದುವುದು, ಬೇಕಾದ ಸಾಲನ್ನು ಹುಡುಕಿ ಮುಂದೆ ಹೋಗುವುದು. ಜಾಲತಾಣಗಳ ಬಳಕೆಯನ್ನು ಅಧ್ಯಯನ ಮಾಡುವ ಜೇಕಬ್ ನೀಲ್ಸನ್ ಅವರ ತಂಡ 2006ರಲ್ಲಿ 232 ಬಳಕೆದಾರರ ಕಣ್ಣಿನ ಚಲನೆಯನ್ನು ದಾಖಲಿಸಿದಾಗ, ಜಾಲಪುಟದ ಮೇಲಿನ ಒಂದೆರಡು ಸಾಲುಗಳನ್ನು ಅಡ್ಡಲಾಗಿ ನೋಡಿ ಆಮೇಲೆ ಎಡ ಅಂಚಿನಲ್ಲೇ ಕೆಳಗಿಳಿಯುವ ನೋಟದ ರೀತಿ ಬಹಳ ಸಾಮಾನ್ಯವೆಂದು ಕಂಡಿತು. ಈ ರೀತಿಯಲ್ಲಿ ಪಳಗಿದ ಕಣ್ಣು, ಅದೇ ಗಾಜಿನ ಮೇಲೆ ಕಠಿಣವಾದ ಪ್ರಬಂಧವೊಂದು ಬಂದಾಗ ತಾನಾಗಿಯೇ ನಿಧಾನಿಸುವುದಿಲ್ಲ.

ಪರದೆಯಲ್ಲಿ ಓದುವ ವೇಗ ಕಡಿಮೆಯೇ?

ಹಿಂದೆ ಹಾಗಿತ್ತು. ಆಂಡ್ರೂ ಡಿಲನ್ ಅವರು 1992ರಲ್ಲಿ ಮಾಡಿದ ಪರಿಶೀಲನೆಯಲ್ಲಿ, ಆ ಕಾಲದ ದಪ್ಪ ಮಾನಿಟರುಗಳಲ್ಲಿ ಓದು ಕಾಗದಕ್ಕಿಂತ ಶೇಕಡಾ 20ರಿಂದ 30ರಷ್ಟು ನಿಧಾನವಾಗುತ್ತಿತ್ತು ಎಂಬ ಫಲಿತಾಂಶ ಪದೇ ಪದೇ ಬಂದಿರುವುದನ್ನು ತೋರಿಸಿದ್ದರು. ಅಕ್ಷರದ ಗುಣಮಟ್ಟ ಹೆಚ್ಚಿಸಿದರೆ ಈ ಅಂತರ ಇಲ್ಲವಾಗಬಹುದು ಎಂದು ಐಬಿಎಂ ಸಂಸ್ಥೆಯ ಜಾನ್ ಗೂಲ್ಡ್ ಮತ್ತು ಸಂಗಡಿಗರು 1987ರಷ್ಟು ಹಿಂದೆಯೇ ಪ್ರಯೋಗದಿಂದ ತೋರಿಸಿದ್ದರು. ಇಂದಿನ ಪರದೆಗಳ ಅಕ್ಷರ ಸ್ಪಷ್ಟವಾಗಿರುತ್ತದೆ; ಕ್ಲಿಂಟನ್ ಅವರ 2019ರ ವಿಶ್ಲೇಷಣೆಯಲ್ಲಿ ಓದಲು ಹಿಡಿದ ಸಮಯದಲ್ಲಿ ಗಮನಾರ್ಹ ವ್ಯತ್ಯಾಸವಿರಲಿಲ್ಲ.

ಪುಸ್ತಕದಲ್ಲಿ ಓದಿದ್ದು ‘ಎಡಪುಟದ ಕೆಳಗಡೆ ಇತ್ತು’ ಎಂದು ನೆನಪಿರುತ್ತದೆ, ಮೊಬೈಲಿನಲ್ಲಿ ಓದಿದ್ದು ಹಾಗೆ ನೆನಪಿರುವುದಿಲ್ಲ. ಏಕೆ?

ಇದು ಭ್ರಮೆಯಲ್ಲ. ಓದುಗರು ಬೇಕೆಂದು ಪ್ರಯತ್ನಿಸದಿದ್ದರೂ ವಿಷಯದ ಜೊತೆಗೆ ಅದು ಪುಟದ ಯಾವ ಭಾಗದಲ್ಲಿತ್ತು ಎಂಬುದನ್ನೂ ನೆನಪಿಡುತ್ತಾರೆ ಎಂಬುದನ್ನು ಅರ್ನ್ಸ್ಟ್ ರಾತ್‌ಕಾಫ್ 1971ರಲ್ಲೇ ಪ್ರಯೋಗದಿಂದ ತೋರಿಸಿದ್ದರು. ಮುದ್ರಿತ ಪುಸ್ತಕದಲ್ಲಿ ಇದಕ್ಕೆ ಅನುಕೂಲವಾದ ಗುರುತುಗಳು ಹೇರಳವಾಗಿವೆ: ಎಡ-ಬಲ ಪುಟಗಳು, ನಾಲ್ಕು ಮೂಲೆಗಳು, ಓದಿ ಮುಗಿಸಿದ ಭಾಗ ಮತ್ತು ಉಳಿದ ಭಾಗಗಳ ದಪ್ಪ. ಊರಿನ ಬೀದಿಗಳನ್ನು ನಡೆದು ಬಲ್ಲವರು ಒಂದು ಮನೆಯನ್ನು ನೆನಪಿಸಿಕೊಳ್ಳುವಂತೆ ಓದುಗರು ಒಂದು ವಾಕ್ಯವನ್ನು ಅದರ ನೆಲೆಯಿಂದಲೇ ಹುಡುಕಿಕೊಳ್ಳುತ್ತಾರೆ. ಸ್ಕ್ರಾಲ್ ಮಾಡುವ ಪಠ್ಯದಲ್ಲಿ ಅದೇ ವಾಕ್ಯ ಒಮ್ಮೆ ಪರದೆಯ ಕೆಳಗೆ, ಒಮ್ಮೆ ನಡುವೆ, ಒಮ್ಮೆ ಮೇಲೆ ಇರುತ್ತದೆ. ಅಕ್ಷರದ ಗಾತ್ರ ಬದಲಿಸಿದರೆ ಸಾಲುಗಳೇ ಮರುಜೋಡಣೆಯಾಗುತ್ತವೆ. ನೆನಪು ಆತುಕೊಳ್ಳಲು ಸ್ಥಿರವಾದ ಜಾಗ ಉಳಿಯುವುದಿಲ್ಲ.

ಮಾಂಗೆನ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಸೂಕ್ಷ್ಮವಾದುದು. 50 ಮಂದಿಗೆ 28 ಪುಟಗಳ ಒಂದು ಪತ್ತೇದಾರಿ ಕಥೆಯನ್ನು ಓದಲು ಕೊಟ್ಟಿದ್ದರು. ಅರ್ಧ ಮಂದಿ ಅದನ್ನು ಮುದ್ರಿತ ಪುಸ್ತಕದಲ್ಲಿ, ಉಳಿದವರು ಕಿಂಡಲ್ ಎಂಬ ಇ-ರೀಡರ್‌ನಲ್ಲಿ ಓದಿದರು. ಬಹುತೇಕ ಎಲ್ಲ ಅಳತೆಗಳಲ್ಲೂ ಎರಡು ಗುಂಪುಗಳು ಸಮನಾಗಿದ್ದವು. ಆದರೆ ಯಾವ ಘಟನೆ ಯಾವಾಗ ನಡೆಯಿತು, ಯಾವುದಾದ ಮೇಲೆ ಯಾವುದು ಎಂಬ ಕಾಲಾನುಕ್ರಮವನ್ನು ಕೇಳಿದಾಗ ಪುಸ್ತಕ ಹಿಡಿದು ಓದಿದವರು ಮುಂದಿದ್ದರು. ಬೆರಳುಗಳಿಗೆ ತಿಳಿಯುತ್ತಿದ್ದ ಪುಟಗಳ ದಪ್ಪವು ಕಥೆಯ ಕಾಲವನ್ನು ಜೋಡಿಸಿಕೊಳ್ಳಲು ನೆರವಾಗಿರಬಹುದೆಂಬುದು ಸಂಶೋಧಕರ ಊಹೆ.

ಹಾಗಾದರೆ ಕಥೆ, ಕಾದಂಬರಿಗಳನ್ನು ಪರದೆಯಲ್ಲಿ ಓದಿದರೆ ನಷ್ಟವಿಲ್ಲವೇ?

ಹೆಚ್ಚಿನ ನಷ್ಟವಿಲ್ಲ. ಕಥೆಗೆ ತನ್ನದೇ ಸೆಳೆತವಿರುತ್ತದೆ, ಅದು ಓದುಗರನ್ನು ಒಂದು ಲಯಕ್ಕೆ ಒಗ್ಗಿಸಿಕೊಳ್ಳುತ್ತದೆ. ಕೊಂಡಿ ಹುಡುಕಲು ಹಿಂದಿನ ಪುಟಗಳಿಗೆ ಹೋಗಿ ನೋಡಬೇಕಾದ ಸಂಕೀರ್ಣ ಕಾದಂಬರಿ, ಮತ್ತೆ ಮತ್ತೆ ಒಂದೇ ಪುಟಕ್ಕೆ ಮರಳಿಸುವ ಕಾವ್ಯ ಇವುಗಳಿಗೆ ಮಾತ್ರ ನಾನು ಕಾಗದವನ್ನೇ ಆರಿಸುತ್ತೇನೆ.

ಇ-ರೀಡರ್ ಮತ್ತು ಮೊಬೈಲ್ ಎರಡೂ ಪರದೆಗಳೇ ಆಗಿರುವಾಗ ಅವುಗಳಲ್ಲಿ ಏನು ಭೇದ?

ಇ-ರೀಡರ್‌ಗಳಲ್ಲಿ ಬಳಸುವ ಇ-ಇಂಕ್ ತಂತ್ರಜ್ಞಾನದ ಮೂಲ ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿದೆ. ಅದನ್ನು ಅಭಿವೃದ್ಧಿಪಡಿಸಲು 1997ರಲ್ಲಿ ಇ-ಇಂಕ್ ಕಂಪನಿ ಸ್ಥಾಪನೆಯಾಯಿತು. ಕೂದಲೆಳೆಯ ದಪ್ಪದ ಲಕ್ಷಾಂತರ ಸೂಕ್ಷ್ಮ ಕೋಶಗಳ ಒಳಗೆ ವಿರುದ್ಧ ವಿದ್ಯುದಾವೇಶವಿರುವ ಬಿಳಿ ಮತ್ತು ಕಪ್ಪು ಕಣಗಳು ದ್ರವದಲ್ಲಿ ತೇಲುತ್ತಿರುತ್ತವೆ. ವಿದ್ಯುತ್ ಹಾಯಿಸಿದಾಗ ಒಂದು ಬಣ್ಣದ ಕಣಗಳು ಮೇಲಕ್ಕೆ ಬಂದು ಇನ್ನೊಂದು ಬಣ್ಣದವು ಕೆಳಗಿಳಿಯುತ್ತವೆ, ಅಕ್ಷರ ಮೂಡುತ್ತದೆ. ಪುಟ ಬದಲಾಗುವಾಗ ಮಾತ್ರ ವಿದ್ಯುತ್ ಬೇಕಾಗುವುದರಿಂದ ಬ್ಯಾಟರಿ ವಾರಗಟ್ಟಲೆ ಬರುತ್ತದೆ. ಈ ತಂತ್ರಜ್ಞಾನವಿದ್ದ ಮೊದಲ ಇ-ರೀಡರನ್ನು ಸೋನಿ 2004ರಲ್ಲಿ ಜಪಾನಿನಲ್ಲಿ ಮಾರುಕಟ್ಟೆಗೆ ತಂದಿತು. ಅಮೆಜಾನ್‌ನ ಕಿಂಡಲ್ 2007ರಲ್ಲಿ ಬಂತು.

ಬಿಸಿಲಿನಲ್ಲೂ ಓದಬಹುದಾದ ಮೇಲ್ಮೈ ಇದರ ಒಂದು ಗುಣ. ಅದಕ್ಕಿಂತ ದೊಡ್ಡ ಗುಣವೆಂದರೆ ಅದರಲ್ಲಿ ಬೇರೆ ಕೆಲಸಗಳು ಇಲ್ಲದಿರುವುದು. ಪುಟಗಳು ಸ್ಕ್ರಾಲ್ ಆಗದೆ ಒಂದೊಂದಾಗಿ ತಿರುಗುತ್ತವೆ, ಸಂದೇಶಗಳು ಬರುವುದಿಲ್ಲ, ಕೈ ತಾನಾಗಿಯೇ ಇನ್ನೊಂದು ಆ್ಯಪ್‌ನತ್ತ ಹೋಗುವುದಿಲ್ಲ. ಉದ್ದನೆಯ ಓದಿಗೆ ಮೊಬೈಲ್ ಮತ್ತು ಇ-ರೀಡರ್ ನಡುವೆ ಆಯ್ಕೆ ಇದ್ದರೆ ಇ-ರೀಡರನ್ನೇ ಆರಿಸಿಕೊಳ್ಳಿ ಎಂದು ಯಾವ ಹಿಂಜರಿಕೆಯೂ ಇಲ್ಲದೆ ಹೇಳಬಲ್ಲೆ. ಚಿತ್ರ, ಕೋಷ್ಟಕ, ಸಮೀಕರಣಗಳು ತುಂಬಿದ ಪುಸ್ತಕಗಳಿಗೆ ಅದರ ಸಣ್ಣ ಪರದೆ ಸಾಲದು. ಅಂತಹವಕ್ಕೆ ಕಾಗದ ಅಥವಾ ದೊಡ್ಡ ಟ್ಯಾಬ್ಲೆಟ್ ಬೇಕು.

ಪರದೆ ನೋಡಿದರೆ ಕಣ್ಣು ಹಾಳಾಗುತ್ತದೆಯೇ?

ಪರದೆಯ ಬೆಳಕು ಕಣ್ಣಿಗೆ ಶಾಶ್ವತ ಹಾನಿ ಮಾಡುತ್ತದೆ ಎಂಬುದಕ್ಕೆ ಆಧಾರವಿಲ್ಲ. ಆದರೆ ದಣಿವು, ಉರಿ, ಒಣಗುವಿಕೆ, ತಲೆನೋವು ನಿಜವಾದ ಅನುಭವಗಳು. ಇದಕ್ಕೆ ಮುಖ್ಯ ಕಾರಣ ರೆಪ್ಪೆ. ನಾವು ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 15 ಬಾರಿ ರೆಪ್ಪೆ ಬಡಿಯುತ್ತೇವೆ. ಪರದೆಯನ್ನು ದಿಟ್ಟಿಸುವಾಗ ಇದು ಗಣನೀಯವಾಗಿ ಇಳಿಯುತ್ತದೆ, ಕಣ್ಣಿನ ಮೇಲ್ಮೈ ಒಣಗುತ್ತದೆ. ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಬೇಕೆಂಬ ನೇತ್ರತಜ್ಞರ ಸಲಹೆ ಸರಳವಾದರೂ ಉಪಯುಕ್ತ. ಪರದೆಯನ್ನು ಕಣ್ಣಿನಿಂದ ಒಂದು ತೋಳಿನಷ್ಟು ದೂರ, ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಇರಿಸಿಕೊಳ್ಳುವುದೂ ನೆರವಾಗುತ್ತದೆ.

ನೀಲಿ ಬೆಳಕನ್ನು ತಡೆಯುವ ಕನ್ನಡಕಗಳ ಬಗ್ಗೆ ಬಹಳ ಜನ ಕೇಳುತ್ತಾರೆ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟಾಗಿ ಪರಾಮರ್ಶಿಸುವ ಕಾಕ್ರನ್ ಸಂಸ್ಥೆ 17 ಪ್ರಯೋಗಗಳನ್ನು ಪರಿಶೀಲಿಸಿ 2023ರಲ್ಲಿ ಕೊಟ್ಟ ವರದಿಯ ಪ್ರಕಾರ, ಸಾಮಾನ್ಯ ಕನ್ನಡಕಕ್ಕೆ ಹೋಲಿಸಿದರೆ ಇವುಗಳಿಂದ ಕಣ್ಣಿನ ದಣಿವಿನಲ್ಲಿ ಅಲ್ಪಾವಧಿಯಲ್ಲಿ ವ್ಯತ್ಯಾಸವಾಗುವ ಸಂಭವ ಕಡಿಮೆ. ಮಕ್ಕಳ ಸಮೀಪದೃಷ್ಟಿ ದೋಷದ ಮಾತು ಬೇರೆ: ಅಲ್ಲಿ ದೀರ್ಘಕಾಲ ಹತ್ತಿರ ಹಿಡಿದು ನೋಡುವುದೂ ಹೊರಗೆ ಹಗಲಿನ ಬೆಳಕಿನಲ್ಲಿ ಕಳೆಯುವ ಸಮಯ ಕಡಿಮೆಯಾಗುವುದೂ ಕಳವಳದ ಸಂಗತಿಗಳು. ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದರೂ ಅದೇ ಕಳವಳ ಅನ್ವಯಿಸುತ್ತದೆ.

ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಓದುವುದು ಒಳ್ಳೆಯದೇ?

ಕತ್ತಲ ಕೋಣೆಯಲ್ಲಿ ಹಿತವೆನಿಸಬಹುದು. ಆದರೆ ಸಾಮಾನ್ಯ ಬೆಳಕಿನಲ್ಲಿ ಬಿಳಿ ಹಿನ್ನೆಲೆಯ ಮೇಲಿನ ಕಪ್ಪು ಅಕ್ಷರವೇ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ, ಏಕೆಂದರೆ ಬೆಳಕಿಗೆ ಪಾಪೆ ಕಿರಿದಾದಾಗ ಅಕ್ಷಿಪಟಲದ ಮೇಲೆ ಬಿಂಬ ಚೂಪಾಗಿ ಮೂಡುತ್ತದೆ.

ಮಲಗುವ ಮುನ್ನ ಯಾವುದರಲ್ಲಿ ಓದಬೇಕು?

2014ರ ಕೊನೆಯಲ್ಲಿ ಪ್ರಕಟವಾದ, ಆನ್-ಮೇರಿ ಚಾಂಗ್ ಮತ್ತು ಸಂಗಡಿಗರ ಪ್ರಯೋಗದಲ್ಲಿ 12 ಮಂದಿ ಮಲಗುವ ಮುನ್ನ ನಾಲ್ಕು ಗಂಟೆ, ಸತತ ಐದು ಸಂಜೆ, ಒಮ್ಮೆ ಬೆಳಕು ಸೂಸುವ ಸಾಧನದಲ್ಲೂ ಇನ್ನೊಮ್ಮೆ ಮುದ್ರಿತ ಪುಸ್ತಕದಲ್ಲೂ ಓದಿದರು. ಸಾಧನದಲ್ಲಿ ಓದಿದಾಗ ನಿದ್ರೆ ಹತ್ತಲು ಸರಾಸರಿ ಸುಮಾರು 10 ನಿಮಿಷ ಹೆಚ್ಚು ಬೇಕಾಯಿತು, ನಿದ್ರೆಗೆ ಅಣಿಗೊಳಿಸುವ ಮೆಲಟೋನಿನ್ ಹಾರ್ಮೋನು ಏರುವುದು ಸುಮಾರು ಒಂದೂವರೆ ಗಂಟೆ ತಡವಾಯಿತು. ಪರದೆಯ ಬೆಳಕನ್ನು ಪೂರ್ತಿ ಹೆಚ್ಚಿಸಿ ನಾಲ್ಕು ಗಂಟೆ ಓದುವವರು ವಿರಳ ಎಂಬುದನ್ನು ಗಮನದಲ್ಲಿಡಬೇಕು. ಆದರೂ ರಾತ್ರಿಯ ಓದಿಗೆ ಕಾಗದ ಅಥವಾ ಬೆಳಕು ತಗ್ಗಿಸಿದ ಇ-ರೀಡರ್ ಸೂಕ್ತ.

ಚಿಕ್ಕ ಮಕ್ಕಳಿಗೆ ಇ-ಪುಸ್ತಕ ಕೊಡಬಹುದೇ?

ಈ ಪ್ರಶ್ನೆಗೆ ಉತ್ತರಿಸುವಾಗ ಪೋಷಕರನ್ನು ಹೆದರಿಸುವ ಉದ್ದೇಶ ನನಗಿಲ್ಲ, ಆದರೆ ಮಾತನ್ನು ಮೆತ್ತಗೆ ಮಾಡಲೂ ಇಷ್ಟವಿಲ್ಲ. ಒಂದರಿಂದ ಎಂಟು ವರ್ಷದ 1,812 ಮಕ್ಕಳನ್ನೊಳಗೊಂಡ 39 ಅಧ್ಯಯನಗಳ ವಿಶ್ಲೇಷಣೆ 2021ರಲ್ಲಿ ಪ್ರಕಟವಾಯಿತು. ಮುದ್ರಿತ ಪುಸ್ತಕವನ್ನು ಹಾಗೆಯೇ ಪರದೆಗೆ ತಂದಾಗ ಮಕ್ಕಳ ಅರ್ಥಗ್ರಹಣ ಕಾಗದಕ್ಕಿಂತ ಕಡಿಮೆಯಾಗಿತ್ತು. ಕಥೆಯ ಅರ್ಥಕ್ಕೆ ಪೂರಕವಾದ ಸೌಲಭ್ಯಗಳನ್ನು, ಉದಾಹರಣೆಗೆ ಒಂದು ಪಾತ್ರ ಏಕೆ ಹಾಗೆ ನಡೆದುಕೊಂಡಿತು ಎಂದು ಯೋಚಿಸಲು ನೆರವಾಗುವಂತಹವನ್ನು, ಸೇರಿಸಿದಾಗ ಪರದೆ ಕಾಗದವನ್ನೂ ಮೀರಿಸಿತು. ಆದರೆ ಮಾರುಕಟ್ಟೆಯಲ್ಲಿ ಸಿಗುವ ಮಕ್ಕಳ ಆ್ಯಪ್‌ಗಳಲ್ಲಿ ಬಹಳಷ್ಟು ಅಂತಹವಲ್ಲ. ಮುಟ್ಟಿದರೆ ಸದ್ದು ಮಾಡುವ, ಕುಣಿಯುವ, ಕಥೆಗೆ ಸಂಬಂಧವಿಲ್ಲದ ಆಟಗಳು ಅವುಗಳಲ್ಲಿ ತುಂಬಿರುತ್ತವೆ.

ಇನ್ನೊಂದು ಸಂಗತಿ ಮಗುವಿಗಿಂತ ದೊಡ್ಡವರಿಗೆ ಸಂಬಂಧಿಸಿದ್ದು. ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ 37 ಪೋಷಕ-ಮಗು ಜೋಡಿಗಳನ್ನು ಗಮನಿಸಿದಾಗ, ಮುದ್ರಿತ ಪುಸ್ತಕ ಓದುವಾಗ ಪೋಷಕರು ಮಗುವಿನೊಡನೆ ಕಥೆಯ ಬಗ್ಗೆ ಹೆಚ್ಚು ಮಾತನಾಡಿದರು, ಪುಸ್ತಕವನ್ನು ಇಬ್ಬರೂ ಸೇರಿ ಹಿಡಿದು ನೋಡುವುದೂ ಹೆಚ್ಚಾಗಿತ್ತು. ಪರದೆ ಬಂದಾಗ ಮಾತು ‘ಅದನ್ನು ಒತ್ತಬೇಡ’, ‘ಹೀಗೆ ಸರಿಸು’ ಎಂಬ ಕಡೆಗೆ ಹೊರಳುತ್ತದೆ. ಮಗುವಿಗೆ ಭಾಷೆ ಬರುವುದು ಪುಸ್ತಕದ ಪುಟಕ್ಕಿಂತ ಹೆಚ್ಚಾಗಿ ಆ ಪುಟದ ಸುತ್ತ ನಡೆಯುವ ಸಂಭಾಷಣೆಯಿಂದ ಎಂಬುದನ್ನು ನೆನೆದರೆ ಇದು ಸಣ್ಣ ನಷ್ಟವಲ್ಲ. ಎರಡು ವರ್ಷ ತುಂಬುವವರೆಗೆ ಮಗುವನ್ನು ಪರದೆಯ ಮುಂದೆ ಕೂರಿಸಬಾರದು, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಈ ವಯಸ್ಸಿನಲ್ಲಿ ಓದಿಗೆ ಕಾಗದವೇ ಮೊದಲ ಆಯ್ಕೆಯಾಗಿರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಪರದೆಯೊಂದಿಗೇ ಬೆಳೆದ ಪೀಳಿಗೆಗೆ ಈ ತೊಂದರೆ ತಾನಾಗಿಯೇ ಹೋಗುವುದಿಲ್ಲವೇ?

ಹಾಗಾಗುತ್ತದೆಂದು ಬಹಳ ಜನ ನಿರೀಕ್ಷಿಸಿದ್ದರು. 2018ರ ವಿಶ್ಲೇಷಣೆ ಇದಕ್ಕೆ ವಿರುದ್ಧವಾದ ಸೂಚನೆ ಕೊಟ್ಟಿತು: ವರ್ಷಗಳು ಕಳೆದಂತೆ ಕಾಗದದ ಮೇಲುಗೈ ಕಡಿಮೆಯಾಗದೆ ಹೆಚ್ಚುತ್ತಾ ಬಂದಿತ್ತು. ಯೂರೋಪಿನ ಇ-ರೀಡ್ ಎಂಬ ಸಂಶೋಧನಾ ಜಾಲದಲ್ಲಿದ್ದ 130ಕ್ಕೂ ಹೆಚ್ಚು ವಿದ್ವಾಂಸರು ನಾಲ್ಕು ವರ್ಷಗಳ ಕೆಲಸದ ಬಳಿಕ ಸ್ಟಾವಂಗರ್‌ನಲ್ಲಿ ಸಿದ್ಧಪಡಿಸಿ 2019ರ ಜನವರಿಯಲ್ಲಿ ಪ್ರಕಟಿಸಿದ ಘೋಷಣೆಯೂ ದೀರ್ಘ ಮಾಹಿತಿಪಠ್ಯಗಳ ವಿಷಯದಲ್ಲಿ ಇದನ್ನೇ ಒತ್ತಿಹೇಳಿತು. ವೇಲೆನ್ಸಿಯಾ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಸುಮಾರು 4,70,000 ಮಂದಿಯನ್ನೊಳಗೊಂಡ 25 ಅಧ್ಯಯನಗಳನ್ನು ನೋಡಿದಾಗ, ಬಿಡುವಿನಲ್ಲಿ ಪರದೆಯ ಮೇಲೆ ಓದುವ ಅಭ್ಯಾಸಕ್ಕೂ ಅರ್ಥಗ್ರಹಣಕ್ಕೂ ಇರುವ ಸಂಬಂಧ ಕಿರಿಯ ತರಗತಿಗಳಲ್ಲಿ ಸ್ವಲ್ಪ ಋಣಾತ್ಮಕವಾಗಿಯೂ ಮೇಲಿನ ತರಗತಿಗಳಲ್ಲಿ ಧನಾತ್ಮಕವಾಗಿಯೂ ಕಂಡಿತು. ಅಂದರೆ ಮೊದಲು ಓದುವುದು ಗಟ್ಟಿಯಾಗಿ ಬಂದಿರಬೇಕು. ಆಮೇಲೆ ಪರದೆ ಅದಕ್ಕೆ ಜೊತೆಯಾಗಬಲ್ಲದು.

ಸ್ವೀಡನ್ ಸರ್ಕಾರ 2023ರಲ್ಲಿ ಶಾಲೆಗಳು ಮುದ್ರಿತ ಪಠ್ಯಪುಸ್ತಕ ಕೊಳ್ಳಲು ವಿಶೇಷ ಅನುದಾನ ಒದಗಿಸಲು ಮುಂದಾದದ್ದಕ್ಕೆ ಹಿನ್ನೆಲೆಯೂ ಇಂತಹ ಕಳವಳವೇ. ವಿದ್ಯಾರ್ಥಿಗಳ ಅಭಿಪ್ರಾಯವೂ ಗಮನಾರ್ಹ: ನವೋಮಿ ಬ್ಯಾರನ್ ಮತ್ತು ಸಂಗಡಿಗರು ಐದು ದೇಶಗಳ 429 ವಿಶ್ವವಿದ್ಯಾಲಯ ವಿದ್ಯಾರ್ಥಿಗಳನ್ನು ಕೇಳಿದಾಗ, ಸುಮಾರು ಶೇಕಡಾ 92 ಮಂದಿ ಕಾಗದದಲ್ಲಿ ಓದುವಾಗಲೇ ಚೆನ್ನಾಗಿ ಏಕಾಗ್ರತೆ ಸಿಗುತ್ತದೆ ಎಂದಿದ್ದರು.

ಅಧ್ಯಯನಕ್ಕೆ ಪರದೆಯೇ ಅನಿವಾರ್ಯವಾದರೆ ಏನು ಮಾಡಬೇಕು?

ಪರದೆಯ ತೊಂದರೆ ಬೇಗ ತೃಪ್ತರಾಗುವುದರಲ್ಲಿದೆ ಎಂದು ಒಪ್ಪಿದರೆ, ಪರಿಹಾರವೂ ಅಲ್ಲೇ ಸಿಗುತ್ತದೆ. ಲಾಟರ್‌ಮನ್ ಮತ್ತು ಅಕರ್‌ಮನ್ 2014ರಲ್ಲಿ ತೋರಿಸಿದಂತೆ, ಓದಿ ಸ್ವಲ್ಪ ಹೊತ್ತಾದ ಮೇಲೆ ಪಠ್ಯದ ಸಾರವನ್ನು ಹಿಡಿಯುವ ಕೆಲವು ಮುಖ್ಯ ಪದಗಳನ್ನು ನೆನಪಿನಿಂದ ಬರೆಯಲು ಹೇಳಿದಾಗ ಪರದೆಯ ಓದುಗರ ಹಿನ್ನಡೆ ಇಲ್ಲವಾಯಿತು. ನಾನು ಕಂಡಂತೆ ಇಷ್ಟು ಕಡಿಮೆ ಶ್ರಮದಲ್ಲಿ ಇಷ್ಟು ಫಲ ಕೊಡುವ ಬೇರೆ ಉಪಾಯವಿಲ್ಲ. ಒಂದು ಅಧ್ಯಾಯ ಮುಗಿದೊಡನೆ ಮುಂದಿನದಕ್ಕೆ ಹೋಗದೆ, ಪರದೆಯಿಂದ ಕಣ್ಣು ತೆಗೆದು, ಕೈಗೆ ಸಿಕ್ಕ ಹಾಳೆಯ ಮೇಲೆ ಐದಾರು ಪದ ಬರೆಯಿರಿ. ಬರೆಯಲಾಗದಿದ್ದರೆ ಆ ಅಧ್ಯಾಯ ಇನ್ನೂ ಓದಿಲ್ಲವೆಂದೇ ತಿಳಿದು ಹಿಂದಿರುಗಿ.

ಉಳಿದವು ಸಾಧನಕ್ಕೆ ಸಂಬಂಧಿಸಿದವು. ನೋಟಿಫಿಕೇಶನ್ ನಿಲ್ಲಿಸಿ, ಸಾಧ್ಯವಾದರೆ ಇಂಟರ್ನೆಟ್ ಸಂಪರ್ಕವನ್ನೂ ಕಡಿದುಕೊಳ್ಳಿ. ಸ್ಕ್ರಾಲ್ ಬದಲು ಪುಟ ತಿರುಗಿಸುವ ಆಯ್ಕೆ ಇದ್ದರೆ ಅದನ್ನು ಬಳಸಿ. ಸಾಲುಗಳು ಬಹಳ ಉದ್ದವಾಗದಂತೆ ಕಿಟಕಿಯನ್ನು ಕಿರಿದಾಗಿಸಿ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವ ಕನ್ನಡದಂತಹ ಲಿಪಿಗೆ ಸಾಲುಗಳ ನಡುವೆ ಅಂತರ ಇನ್ನಷ್ಟು ಬೇಕು, ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಿ ಕಣ್ಣು ತೊಡರುತ್ತದೆ. ಸಾಲುಗಳಿಗೆ ಹೈಲೈಟ್ ಬಣ್ಣ ಬಳಿಯುತ್ತಾ ಹೋಗುವುದನ್ನು ಅಧ್ಯಯನವೆಂದು ತಿಳಿಯಬೇಡಿ, ಏಕೆಂದರೆ ಒಂದು ಬೆರಳೆಳೆತಕ್ಕೆ ಇಡೀ ಪುಟ ಹಳದಿಯಾಗುವ ಕಡೆ ಯಾವುದು ಮುಖ್ಯವೆಂದು ಆರಿಸುವ ಶ್ರಮವೇ ಇರುವುದಿಲ್ಲ. ಪರೀಕ್ಷೆಗೆ ಓದಬೇಕಾದ, ಹಿಂದೆ ಮುಂದೆ ತಿರುಗಿಸಿ ನೋಡಬೇಕಾದ ಭಾಗಗಳನ್ನು ಮಾತ್ರ ಪ್ರಿಂಟ್ ತೆಗೆದುಕೊಳ್ಳಿ.

ಕಾಗದಕ್ಕೆ ಸಾಧ್ಯವಾಗದ ಯಾವುದನ್ನು ಪರದೆ ಮಾಡುತ್ತದೆ?

ಕಾಗದದ ಪರವಾಗಿ ಮಾತನಾಡುವವರು ಈ ಪ್ರಶ್ನೆಯನ್ನು ಅವಸರದಲ್ಲಿ ದಾಟಿಬಿಡುತ್ತಾರೆ, ಅದು ಸರಿಯಲ್ಲ. ದೃಷ್ಟಿ ಮಂದವಾದ ಹಿರಿಯರು ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಲ್ಲರು. ಕಣ್ಣು ಕಾಣದವರಿಗೆ ಸ್ಕ್ರೀನ್ ರೀಡರ್ ತಂತ್ರಾಂಶ ಪಠ್ಯವನ್ನು ಓದಿ ಹೇಳುತ್ತದೆ, ಬ್ರೈಲ್ ಪರದೆ ಅದನ್ನೇ ಬೆರಳಿಗೆ ತಲುಪಿಸುತ್ತದೆ. ಮುದ್ರಿತ ಪುಸ್ತಕ ಇವರ ಪಾಲಿಗೆ ಮುಚ್ಚಿದ ಬಾಗಿಲಾಗಿತ್ತು. ಇಂತಹ ಓದುಗರಿಗೆ ಬೇಕಾದ ರೂಪದಲ್ಲಿ ಕೃತಿಗಳನ್ನು ಸಿದ್ಧಪಡಿಸಲು ಮತ್ತು ದೇಶದ ಗಡಿಯಾಚೆ ಹಂಚಲು ಕೃತಿಸ್ವಾಮ್ಯದ ಅಡ್ಡಿ ಇರಬಾರದೆಂದು 2013ರಲ್ಲಿ ಅಂಗೀಕಾರವಾಗಿ 2016ರಲ್ಲಿ ಜಾರಿಗೆ ಬಂದ ಮರಾಕೇಶ್ ಒಪ್ಪಂದ ಅವಕಾಶ ಮಾಡಿಕೊಟ್ಟಿದೆ. ಸಾವಿರ ಪುಟಗಳಲ್ಲಿ ಒಂದು ಪದವನ್ನು ಕ್ಷಣದಲ್ಲಿ ಹುಡುಕುವುದು, ಮುದ್ರಣ ನಿಂತುಹೋದ ಪುಸ್ತಕವನ್ನು ದೂರದಿಂದಲೇ ಓದುವುದು, ನಿಘಂಟನ್ನು ಬೆರಳ ತುದಿಯಲ್ಲಿಟ್ಟುಕೊಳ್ಳುವುದು ಇವೂ ಸಣ್ಣ ಅನುಕೂಲಗಳಲ್ಲ. ಆದರೆ ಸ್ಕ್ಯಾನ್ ಮಾಡಿ ಚಿತ್ರವಾಗಿ ಮಾತ್ರ ಉಳಿಸಿದ ಪಿಡಿಎಫ್‌ನಲ್ಲಿ ಹುಡುಕಲೂ ಆಗುವುದಿಲ್ಲ, ಸ್ಕ್ರೀನ್ ರೀಡರ್‌ಗೂ ಅದು ಓದಲು ಬರುವುದಿಲ್ಲ. ಪುಸ್ತಕವನ್ನು ಡಿಜಿಟಲ್ ಮಾಡುವವರು ಅಕ್ಷರಗಳನ್ನು ಯೂನಿಕೋಡ್ ಪಠ್ಯವಾಗಿಯೇ, ಅಂದರೆ ಕಂಪ್ಯೂಟರ್ ಅಕ್ಷರಗಳೆಂದೇ ಗುರುತಿಸಬಲ್ಲ ರೂಪದಲ್ಲಿ, ಉಳಿಸಬೇಕು.

ಹಣ ಕೊಟ್ಟು ಪಡೆದ ಇ-ಪುಸ್ತಕ ನಮ್ಮದೇ ಆಗಿರುತ್ತದೆಯೇ?

ಬಹುತೇಕ ಮಳಿಗೆಗಳಲ್ಲಿ ನಾವು ಪಡೆಯುವುದು ಓದುವ ಪರವಾನಗಿಯನ್ನು ಮಾತ್ರ. 2009ರಲ್ಲಿ ಹಕ್ಕಿನ ವಿವಾದವೊಂದರ ಕಾರಣದಿಂದ ಅಮೆಜಾನ್ ತಾನು ಮಾರಿದ್ದ ಕೆಲವು ಪುಸ್ತಕಗಳನ್ನು ಓದುಗರ ಕಿಂಡಲ್‌ಗಳಿಂದ ದೂರದಿಂದಲೇ ಅಳಿಸಿಹಾಕಿತು, ಹಣ ಹಿಂದಿರುಗಿಸಿತು, ಆಮೇಲೆ ಕ್ಷಮೆ ಕೇಳಿತು. ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕ ಮಳಿಗೆಯನ್ನು 2019ರಲ್ಲಿ ಮುಚ್ಚಿದಾಗಲೂ ಕೊಂಡವರಿಗೆ ಹಣ ಮರಳಿತು, ಪುಸ್ತಕಗಳು ಮರಳಲಿಲ್ಲ. ಮುದ್ರಿತ ಪುಸ್ತಕವನ್ನು ಗೆಳೆಯರಿಗೆ ಕೊಡಬಹುದು, ಗ್ರಂಥಾಲಯಕ್ಕೆ ದಾನ ಮಾಡಬಹುದು, ಮಕ್ಕಳಿಗೆ ಬಿಟ್ಟುಹೋಗಬಹುದು. ಮತ್ತೆ ಮತ್ತೆ ಮರಳಬೇಕೆನಿಸುವ ಪುಸ್ತಕಗಳನ್ನು ಕಾಗದದಲ್ಲಿ, ಇಲ್ಲವೇ ನಕಲು ತಡೆಯಿಲ್ಲದ ಇಪಬ್ (ಇ-ಪುಸ್ತಕಗಳ ಒಂದು ಸಾಮಾನ್ಯ ರೂಪ) ಕಡತವಾಗಿ ಇಟ್ಟುಕೊಳ್ಳುವುದು ಕ್ಷೇಮ.

ಪರಿಸರಕ್ಕೆ ಯಾವುದು ಹಿತ?

ಇದು ಎಷ್ಟು ಓದುತ್ತೀರಿ ಮತ್ತು ಸಾಧನವನ್ನು ಎಷ್ಟು ವರ್ಷ ಬಳಸುತ್ತೀರಿ ಎಂಬುದನ್ನು ಅವಲಂಬಿಸಿದೆ. ಕಾಗದಕ್ಕೆ ಮರ, ನೀರು, ಸಾಗಣೆ ಬೇಕು. ಇ-ರೀಡರ್‌ಗೆ ಲೋಹಗಳ ಗಣಿಗಾರಿಕೆ ಮತ್ತು ಬ್ಯಾಟರಿ ಬೇಕು, ಕೊನೆಗೆ ಅದು ಇ-ತ್ಯಾಜ್ಯವಾಗುತ್ತದೆ. ಸಾಧನದ ಹೊರೆಯಲ್ಲಿ ಹೆಚ್ಚಿನ ಪಾಲು ಅದರ ತಯಾರಿಕೆಯಲ್ಲೇ ಇರುವುದರಿಂದ, ಒಂದನ್ನು ಹಲವು ವರ್ಷ ಬಳಸಿ ಅದರಲ್ಲಿ ಬಹಳ ಪುಸ್ತಕ ಓದುವವರಿಗೆ ಇ-ರೀಡರ್ ಲೇಸು. ವರ್ಷಕ್ಕೆ ಬೆರಳೆಣಿಕೆಯ ಪುಸ್ತಕ ಓದುವವರು ಮುದ್ರಿತ ಪ್ರತಿಯನ್ನು ಗ್ರಂಥಾಲಯದಿಂದ ತಂದು ಓದಿದರೆ ಹೊರೆ ಕಡಿಮೆ; ಆ ಒಂದು ಪ್ರತಿ ನೂರಾರು ಮಂದಿಯ ಕೈ ದಾಟಬಲ್ಲದು.